ಬೆಣಚುಕಲ್ಲಿನ ಸೂಕ್ಷ್ಮಶಿಲಾಯುಧಗಳ ತ್ರೀಡಿ ಮಾದರಿ: ಮೈ ಉಬ್ಬುತಗ್ಗು, ಅಂಚು ಮಾಯ

ಬೆಣಚುಚೂರು
ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕಂಥ ಅರ್ಧಚಂದ್ರಾಕಾರದ ಸೂಕ್ಷ್ಮಶಿಲಾಯುಧಗಳಿಗೆ ಫೋಟೊಗ್ರಾಮೆಟ್ರಿ (ಹಲವು ಕೋನಗಳ ಫೋಟೊಗಳಿಂದ ತ್ರೀಡಿ ಮಾದರಿ ಕಟ್ಟುವುದು) ಮಾಡಬೇಕಿದೆ. ಉದ್ದ 12ರಿಂದ 18 ಮಿ.ಮೀ., ಅಗಲ 7, ದಪ್ಪ 3. ಕ್ಯಾಮೆರಾ 24 ಮೆಗಾಪಿಕ್ಸೆಲ್ ಎಪಿಎಸ್-ಸಿ ಸೆನ್ಸರ್‌ನದು, 60 ಮಿ.ಮೀ. ಮ್ಯಾಕ್ರೊ ಲೆನ್ಸ್, 1:1 (ಸೆನ್ಸರ್ ಮೇಲಿನ ಬಿಂಬ ಕಲ್ಲಿನಷ್ಟೇ ದೊಡ್ಡದು), ಲೆನ್ಸಿನ ಕಂಡಿ ಎಫ್/22. ಕಲ್ಲು ತಿರುಗುಮಣೆಯ ಮೇಲೆ, ಹಿಂದೆ ಬಿಳಿ ಕಾಗದ, ಒಂದು ಸುತ್ತಿಗೆ 36 ಚಿತ್ರ. ಮಾದರಿ ಕಟ್ಟುವ ಸಾಫ್ಟ್‌ವೇರ್ ಮೆಟಾಶೇಪ್‌ನಲ್ಲಿ 20 ಮಾತ್ರ ಅಲೈನ್ ಆಗುತ್ತಿವೆ, ಅಂದರೆ ಒಂದಕ್ಕೊಂದು ಹೊಂದಿಕೊಳ್ಳುತ್ತಿವೆ. ಬಂದ ಮಾದರಿಯ ಮೈ ಬೊಕ್ಕೆ ಎದ್ದ ಹಾಗಿದೆ, ಚಿಪ್ಪೆದ್ದ ಗುರುತು ಒಂದೂ ಕಾಣುವುದಿಲ್ಲ. ತಪ್ಪು ಎಲ್ಲಿದೆ?

ಮಸೂರ
ಮೊದಲು ಎಫ್/22 ಬಿಡಿ. 1:1ರಲ್ಲಿ ಅದು ವಾಸ್ತವದಲ್ಲಿ ಎಫ್/44. ಅಷ್ಟು ಕಿರಿದಾದ ಕಂಡಿಯಲ್ಲಿ ಬೆಳಕಿನ ಪ್ರತಿ ಚುಕ್ಕಿಯೂ ಸೆನ್ಸರ್ ಮೇಲೆ ಸುಮಾರು 0.06 ಮಿ.ಮೀ. ಹರಡುತ್ತದೆ, ನಿಮ್ಮ ಪಿಕ್ಸೆಲ್ ಇರುವುದೇ 0.004. ಎಲ್ಲವೂ ಫೋಕಸ್‌ನಲ್ಲಿದ್ದಂತೆ ಕಂಡರೂ ಯಾವುದೂ ಚೂಪಾಗಿರುವುದಿಲ್ಲ. 1:2ಕ್ಕೆ ಇಳಿಸಿ, ಎಫ್/11 ಇಡಿ. ಆಗಲೂ ಒಂದು ಪಿಕ್ಸೆಲ್‌ಗೆ 0.008 ಮಿ.ಮೀ. ಸಿಗುತ್ತದೆ, ಅಂಚು ತಿದ್ದಿದ ಗುರುತುಗಳಿಗೆ ಅದು ಧಾರಾಳ.

ಅಲೈನ್ ಆಗದಿರುವುದಕ್ಕೆ ಕಾಗದವೂ ಕಾರಣ. ಕಲ್ಲು ತಿರುಗುತ್ತದೆ, ಕಾಗದದ ಸುಕ್ಕು ಅಲ್ಲೇ ಇರುತ್ತದೆ. ಕ್ಯಾಮೆರಾ ಅಲುಗಿಲ್ಲ ಎಂದು ಸಾಫ್ಟ್‌ವೇರ್ ನಂಬಿಬಿಡುತ್ತದೆ. ಕಪ್ಪು ಮಖಮಲ್ ಕಟ್ಟಿ, ಬೆಳಕು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. 15 ಡಿಗ್ರಿಗೊಂದರಂತೆ 24 ಚಿತ್ರ, 10, 35, 60 ಡಿಗ್ರಿ ಎತ್ತರದಿಂದ ಮೂರು ಸುತ್ತು. ಕಲ್ಲನ್ನು ತಲೆಕೆಳಗು ಮಾಡಿ ಮತ್ತೆ ಅಷ್ಟೇ. ಒಟ್ಟು 144.

ಶಿಲಾಪದರ
ಉಬ್ಬುತಗ್ಗಿಗೆ ಕಾರಣ ಕಲ್ಲೇ. ಬೆಣಚು ಅರೆಪಾರದರ್ಶಕ. ಬೆಳಕು ಒಳಹೊಕ್ಕು ಒಳಗಿನ ಬಿರುಕುಗಳಿಂದ ವಾಪಸಾಗುತ್ತದೆ, ಸಾಫ್ಟ್‌ವೇರ್ ಆ ಬಿರುಕನ್ನೇ ಮೇಲ್ಮೈ ಎಂದುಕೊಳ್ಳುತ್ತದೆ. ಇಂಥ ಕಡೆ ಫ್ಲ್ಯಾಶ್‌ಗೆ ಪೋಲರೈಸಿಂಗ್ ಹಾಳೆ, ಲೆನ್ಸ್‌ಗೆ ಪೋಲರೈಸರ್ ಹಾಕಿ ಹೊಳಪು ತೆಗೆಯಲು ಹೋಗುವವರೇ ಹೆಚ್ಚು. ಬೆಳಕು ಅಷ್ಟಾಗಿ ಒಳಹೊಗದ ಚರ್ಟ್ ಕಲ್ಲಿಗೆ ಅದು ಒಳ್ಳೆಯದು, ಬೆಣಚಿಗೆ ಅಲ್ಲ: ಮೇಲ್ಮೈಯ ಹೊಳಪು ಹೋಗಿ ಒಳಗಿನ ಬೆಳಕಷ್ಟೇ ಉಳಿಯುತ್ತದೆ.

ದಾರಿ ಎಂದರೆ ತಾನೇ ಆವಿಯಾಗಿ ಹೋಗುವ ಲೇಪನ, ಸೈಕ್ಲೋಡೋಡೆಕೇನ್‌ನಂಥದ್ದು. ತೆಳುವಾಗಿ, ದೂರದಿಂದ ಸಿಂಪಡಿಸಿ. ದಪ್ಪವಾದರೆ ಸಣ್ಣ ಗುರುತುಗಳೇ ಮುಚ್ಚಿಹೋಗುತ್ತವೆ. ಬಣ್ಣದ ಚಿತ್ರಗಳನ್ನು ಲೇಪನಕ್ಕೆ ಮೊದಲೇ ತೆಗೆದಿಡಿ. ಅಂಚಿನ ಸವೆತ ಅಥವಾ ಅಂಟಿದ ಶೇಷಗಳ ಪರೀಕ್ಷೆ ಬಾಕಿ ಇದ್ದರೆ ಯಾವ ಲೇಪನವೂ ಬೇಡ, ಇದರಲ್ಲಿ ರಾಜಿ ಇಲ್ಲ. ಸಂಗ್ರಹದ ಹೊಣೆ ಹೊತ್ತವರ ಒಪ್ಪಿಗೆಯೂ ಬೇಕು.

ಬೆಣಚುಚೂರು
1:2, ಎಫ್/11, ಮಖಮಲ್: 144ರಲ್ಲಿ 141 ಅಲೈನ್ ಆದವು. ಲೇಪನದಿಂದ ಮೈಯೂ ಸರಿಹೋಯಿತು. ಆದರೆ ಚೂಪು ಅಂಚು ಎರಡು ಪದರವಾಗಿ ಸೀಳಿದೆ. ಕಲ್ಲನ್ನು ನಿಲ್ಲಿಸಿರುವುದು ಬಿಳಿ ಅಂಟುಮೇಣದಲ್ಲಿ.

ಮಸೂರ
ಅಂಟುಮೇಣ ತೆಗೆಯಿರಿ, ಅದರ ಎಣ್ಣೆ ಕಲ್ಲಿಗೆ ಇಳಿಯುತ್ತದೆ. ಪಾಲಿಥೀನ್ ಫೋಮ್‌ನಲ್ಲಿ ಬ್ಲೇಡಿನಿಂದ ಸೀಳು ಮಾಡಿ, ತುದಿಯ 2 ಮಿ.ಮೀ. ಅಷ್ಟೇ ಒಳಗಿರುವಂತೆ ಸಿಕ್ಕಿಸಿ.

ಅಂಚು ಸೀಳುವುದು ಎರಡು ಮುಖಗಳನ್ನು ಬೆಸೆಯುವ ಚಿತ್ರಗಳು ಸಾಲದ್ದರಿಂದ. ಅಂಚು ಕ್ಯಾಮೆರಾಕ್ಕೆ ನೇರ ಬಂದಾಗ ಆಚೀಚೆ 20 ಡಿಗ್ರಿ ತನಕ 5 ಡಿಗ್ರಿಗೊಂದು ಚಿತ್ರ ಸೇರಿಸಿ. ಆ ಕೋನದಲ್ಲಿ 7 ಮಿ.ಮೀ. ಆಳದವರೆಗೂ ಫೋಕಸ್ ಬೇಕು, ಎಫ್/11ರಲ್ಲಿ ಸಿಗುವುದು ಸುಮಾರು 2. ಹಾಗಾಗಿ 1.2 ಮಿ.ಮೀ. ಅಂತರದಲ್ಲಿ 6 ಚಿತ್ರ ತೆಗೆದು ಸ್ಟ್ಯಾಕ್ ಮಾಡಿ, ಅಂದರೆ ಅವುಗಳ ಚೂಪಾದ ಭಾಗಗಳನ್ನು ಒಂದೇ ಚಿತ್ರವಾಗಿ ಬೆರೆಸಿ. ಪ್ರತಿ ಸಲವೂ ಮುಂದಿನಿಂದ ಹಿಂದಕ್ಕೇ ಹೋಗಿ. ಸ್ಟ್ಯಾಕ್ ಆದ ಚಿತ್ರವನ್ನು ಕತ್ತರಿಸಬೇಡಿ, ಕತ್ತರಿಸಿದರೆ ಲೆನ್ಸಿನ ಕೇಂದ್ರದ ಲೆಕ್ಕ ತಪ್ಪುತ್ತದೆ. ಮೆಟಾಶೇಪ್‌ನಲ್ಲಿ ಇವನ್ನು ಬೇರೆ ಕ್ಯಾಲಿಬ್ರೇಶನ್ (ಲೆನ್ಸಿನ ಲೆಕ್ಕದ) ಗುಂಪಿಗೆ ಹಾಕಿ. ಸ್ಟ್ಯಾಕ್ ಮಾಡಿದಾಗ ಅಂಚಿನ ಸುತ್ತ ಮಸುಕು ಪ್ರಭೆ ಕಟ್ಟುತ್ತದೆ, ಹಿನ್ನೆಲೆ ಮುಚ್ಚುವ ಮಾಸ್ಕಿನ ಗಡಿಯನ್ನು 2-3 ಪಿಕ್ಸೆಲ್ ಒಳಗೆ ಎಳೆಯಿರಿ.

ಶಿಲಾಪದರ
ಅಳತೆಯ ವಿಷಯ ಯಾರೂ ಎತ್ತಲಿಲ್ಲ. 15 ಮಿ.ಮೀ. ಕಲ್ಲಿನ ಪಕ್ಕ ಪ್ರಿಂಟ್ ಮಾಡಿದ ಪಟ್ಟಿ ಇಟ್ಟರೆ ಶಾಯಿ ಹರಡಿದ 0.1 ಮಿ.ಮೀ. ಕೂಡ ದೊಡ್ಡ ತಪ್ಪು. ಫೋಮ್‌ನ ಜೊತೆಗೇ ತಿರುಗುವಂತೆ ಮಣೆಯ ಮೇಲೆ ಎರಡು ಗುರುತುಗಳನ್ನು 40 ಮಿ.ಮೀ. ದೂರದಲ್ಲಿ ಅಂಟಿಸಿ, ನಡುವಿನ ಅಂತರವನ್ನು ಕ್ಯಾಲಿಪರ್‌ನಲ್ಲಿ ಮೂರು ಸಲ ಅಳೆಯಿರಿ. ಮಾದರಿ ಸಿದ್ಧವಾದ ಮೇಲೆ ಕಲ್ಲಿನ ಉದ್ದವನ್ನೂ ಅಳೆದು ಹೋಲಿಸಿ. ಅದಕ್ಕೆ ಪ್ಲಾಸ್ಟಿಕ್ ಕ್ಯಾಲಿಪರ್ ಬಳಸಿ, ಉಕ್ಕಿನ ದವಡೆ ಒತ್ತಿದರೆ ಬೆಣಚಿನ ಅಂಚು ಹಾರಿಹೋಗುತ್ತದೆ.