90 ದಾಟಿದ್ರ ಗಾಡಿ ತೇಲಾಡ್ತೈತಿ, ಅಲೈನ್‌ಮೆಂಟ್ ಮಾಡ್ಸಿದ್ರೂ ಹೋಗವಲ್ದು

ಪ್ರಶ್ನೆ, ಕುಷ್ಟಗಿಯಿಂದ

ನಮಸ್ಕಾರ್ರೀ. ಡೀಸೆಲ್ ಹ್ಯಾಚ್‌ಬ್ಯಾಕ್, 2016ರ ಗಾಡಿ, 94 ಸಾವಿರ ಕಿ.ಮೀ. ಓಡೈತಿ. 14 ಇಂಚಿನ ಟೈರ್. ಹೊಸಪೇಟೆ ಕಡೆ ನಾಕು ಲೇನ್ ರಸ್ತ್ಯಾಗ 70ರ ತನಕ ಏನೂ ತ್ರಾಸಿಲ್ಲ. 90 ದಾಟಿದ್ರ ಸ್ಟೇರಿಂಗ್ ಸಣ್ಣಗ ನಡಗ್ತೈತಿ. ಗಾಡಿ ನೆಟ್ಟಗ ಹೋಗೂದಿಲ್ಲ, ಎಡಕ್ಕ ಬಲಕ್ಕ ತಿದ್ಕೋಂತನ ಇರ್ಬೇಕು. ಪಕ್ಕದಾಗ ಲಾರಿ ದಾಟಿದ್ರ ಅತ್ಲಾಗ ಸರಿದಂಗ ಆಕ್ಕೈತಿ. ಎರಡು ತಿಂಗಳದಾಗ ಎರಡು ಸಲ ಅಲೈನ್‌ಮೆಂಟ್ (ಚಕ್ರದ ಕೋನ ಸರಿ ಮಾಡೂದು) ಆಗೈತಿ. ನಾಕು ದಿನ ಚೊಲೊ ಇರ್ತೈತಿ, ಆಮ್ಯಾಲ ಮತ್ತ ಅದ. ಮುಂದಿನ ಎರಡೂ ಟೈರಿನ ಒಳಗಿನ ಅಂಚು ಸವದಾವು. ನಾಕೂ ಟೈರ್ ಬದ್ಲಿ ಮಾಡ್ರಿ ಅನ್ನಾಕತ್ತಾರ. ಮದ್ಲು ಏನ್ ನೋಡ್ಬೇಕ್ರಿ?

ಉತ್ತರ, ಬಳ್ಳಾರಿಯಿಂದ, ಸಸ್ಪೆನ್ಷನ್ ಮತ್ತು ಅಲೈನ್‌ಮೆಂಟ್ ಕೆಲಸದವರು

ಅಣ್ಣಾರೆ, ಟೈರ್ ತಗೊಳ್ಳೋದನ್ನ ಸ್ವಲ್ಪ ತಡೀರಿ. ನಾಲ್ಕು ದಿನಕ್ಕೇ ಕೆಡುವ ಅಲೈನ್‌ಮೆಂಟ್ ಅಂದ್ರೆ ಎಲ್ಲೋ ಒಂದು ಜಾಯಿಂಟ್ ಸಡಿಲ ಬಿದ್ದಿದೆ. ಯಂತ್ರದ ಮೇಲೆ ಗಾಡಿ ನಿಂತಿರುತ್ತದೆ, ಅಳತೆ ಹಸಿರು ತೋರಿಸುತ್ತದೆ. ರಸ್ತೆಗಿಳಿದು ಬ್ರೇಕ್ ಒತ್ತಿದಾಗ, ಗುಂಡಿಗೆ ಬಿದ್ದಾಗ, ಹರಿದ ಬುಷ್ಶಿನೊಳಗೆ (ಆರ್ಮ್ ಕೂರುವ ರಬ್ಬರಿನ ಕೊಳವೆ) ಲೋಯರ್ ಆರ್ಮ್, ಅಂದ್ರೆ ಚಕ್ರವನ್ನು ಫ್ರೇಮಿಗೆ ಹಿಡಿದಿಡುವ ಕೆಳಗಿನ ತೋಳು, ಹಿಂದಕ್ಕೆ ಸರಿಯುತ್ತದೆ, ಚಕ್ರದ ಮುಖ ಆಚೆಗೆ ತಿರುಗುತ್ತದೆ. ಒಳಗಿನ ಅಂಚು ಸವೆದಿರುವುದೂ ಅದನ್ನೇ ಹೇಳುತ್ತಿದೆ. ಇದೇ ಸ್ಥಿತಿಯಲ್ಲಿ ಹೊಸ ಟೈರ್ ಹಾಕಿದರೆ ಅವೂ ಹೀಗೇ ಸವೆದು ಹೋಗುತ್ತವೆ.

ಇನ್ನೊಂದು ಮಾತು. ನಡುಕ ಬೇರೆ, ತೇಲಾಟ ಬೇರೆ, ಒಂದೇ ಕಡೆ ಎಳೆಯುವುದು ಬೇರೆ. ಇಂತಿಷ್ಟು ವೇಗಕ್ಕೆ ಶುರುವಾಗುವ ನಡುಕ ಹೆಚ್ಚಾಗಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಇಲ್ಲವೇ ಟೈರಿನದು. ತಿದ್ದುತ್ತಲೇ ಇರಬೇಕಾದ ತೇಲಾಟ ಟೈರಿನ ಗಾಳಿಯದು, ಸಡಿಲ ಜಾಯಿಂಟಿನದು, ಟೋ ಅಳತೆಯದು (ಚಕ್ರದ ಮುಖ ಒಳಕ್ಕೋ ಹೊರಕ್ಕೋ ಎಷ್ಟು ತಿರುಗಿದೆ ಅನ್ನುವುದು). ನಿಮ್ಮ ಗಾಡಿಯಲ್ಲಿ ಎರಡೂ ಇವೆ. ಹಾಗಾಗಿ ಗಾಳಿ, ಟೈರ್, ಸಡಿಲ ತಪಾಸಣೆ, ಬ್ಯಾಲೆನ್ಸಿಂಗ್ ಈ ಸರದಿಯಲ್ಲೇ ಹೋಗಬೇಕು. ಅಲೈನ್‌ಮೆಂಟ್ ಕಟ್ಟಕಡೆಗೆ.

ಗಾಳಿ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೋಡಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವ ಅಂಕಿಯೇ ಪ್ರಮಾಣ. ಟೈರಿನ ಮೈಮೇಲೆ ಬರೆದಿರುವುದು ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅದನ್ನು ಹಾಕಬೇಡಿ. ತಾಪ ಐದಾರು ಡಿಗ್ರಿ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ನಮ್ಮ ಕಡೆ ಏಪ್ರಿಲ್‌, ಮೇ ಮಧ್ಯಾಹ್ನ ಗಾಡಿ ಓಡಿಸಿಕೊಂಡು ಹೋಗಿ ಬಂಕಿನಲ್ಲಿ ನೋಡಿಸಿದರೆ ನಾಲ್ಕೈದು ಪಿಎಸ್‌ಐ ಜಾಸ್ತಿಯೇ ತೋರಿಸುತ್ತದೆ. ಜಾಸ್ತಿ ಆಗಿದೆ ಅಂತ ಅಲ್ಲಿ ಬಿಡಿಸಿದರೆ ಮರುದಿನ ಬೆಳಿಗ್ಗೆ ಟೈರ್ ಬಡವಾಗಿರುತ್ತದೆ. ಗಾಳಿ ಕಮ್ಮಿಯಾದ ಟೈರಿನ ಪಕ್ಕೆ ಬಳುಕಿ ಗಾಡಿ ತೇಲುತ್ತದೆ, ಬಿಸಿಯೂ ಏರುತ್ತದೆ. ಬಿಸಿಲಿನಲ್ಲಿ ಟೈರ್ ಸಿಡಿಯುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಐದು ಜನ, ಡಿಕ್ಕಿ ತುಂಬಾ ಸಾಮಾನು ಇದ್ದರೆ ಹಿಂದಿನ ಟೈರಿಗೆ ಅದೇ ಸ್ಟಿಕ್ಕರ್‌ನಲ್ಲಿ ಬೇರೆ ಅಂಕಿ ಕೊಟ್ಟಿರುತ್ತಾರೆ.

ಆಮೇಲೆ ಟೈರಿನ ಮೇಲೆ ಅಂಗೈ ಆಡಿಸಿ. ಒಳಗಿನಿಂದ ಹೊರಕ್ಕೆ ಒಮ್ಮೆ, ಹೊರಗಿನಿಂದ ಒಳಕ್ಕೆ ಒಮ್ಮೆ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದಂತೆ ಕೈಗೆ ತಾಕಿದರೆ ಟೋ ತಪ್ಪಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಬಹಳ ದಿನ ಬ್ಯಾಲೆನ್ಸ್ ಇಲ್ಲದೆ ಓಡಿದೆ. ನಿಧಾನಕ್ಕೆ 20ರಲ್ಲಿ ಹೋಗುವಾಗಲೇ ದಡ್ ದಡ್ ಅಂತ ಕುಂಟಿದರೆ, ಅಥವಾ ಎಲ್ಲಾದರೂ ಬುಗುಟು ಕಂಡರೆ, ಒಳಗಿನ ಪದರ ಬಿಟ್ಟಿದೆ. ಆ ಟೈರ್ ಇಟ್ಟುಕೊಂಡು ಹೈವೇಗೆ ಒಂದು ದಿನವೂ ಹೋಗಬೇಡಿ.

ಸಡಿಲ ತಪಾಸಣೆಗೆ ಇಬ್ಬರು ಬೇಕು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಇಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಯನ್ನೂ ಹಾಕಬೇಡಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಚಕ್ರ ಹಿಡಿದು ಅಲ್ಲಾಡಿಸಿ. ಲೊಟಕ್ ಅಂದರೆ ಇನ್ನೊಬ್ಬರು ಒಳಗೆ ಕೂತು ಬ್ರೇಕ್ ಒತ್ತಲಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್, ಅಂದ್ರೆ ಆರ್ಮಿನ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡಿನ ಕೀಲು. ಆಮೇಲೆ 9 ಮತ್ತು 3ರ ಜಾಗ. ಅಲ್ಲಿ ಮಾತ್ರ ಆಟ ಇದ್ದರೆ ಟೈ ರಾಡ್ ಎಂಡ್ (ಸ್ಟೇರಿಂಗ್ ಸಲಾಕೆಯ ಹೊರ ತುದಿಯ ಕೀಲು) ಅಥವಾ ಅದರ ಒಳಗಿನ ರ‍್ಯಾಕ್ ಎಂಡ್, ಕೈಯಿಟ್ಟು ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಲೋಯರ್ ಆರ್ಮಿನ ಬುಷ್ ಕೈಯಿಂದ ಅಲ್ಲಾಡಿಸಿದರೆ ಸಿಗುವುದಿಲ್ಲ. ಆರ್ಮ್ ಮತ್ತು ಫ್ರೇಮ್ ನಡುವೆ ಹಾರೆಯಂಥ ಸಲಾಕೆ ಕೊಟ್ಟು ಮೀಟಿ, ಟಾರ್ಚ್ ಬೆಳಕು ಬಿಟ್ಟು ನೋಡಬೇಕು. ಎರಡು ಬುಷ್ ಇರುತ್ತವೆ, ಹಿಂದಿನದನ್ನು ಚೆನ್ನಾಗಿ ನೋಡಿ. ರಬ್ಬರ್ ಸೀಳಿ ನಡುವಿನ ಉಕ್ಕಿನ ಕೊಳವೆ ಬೇರೆಯಾಗಿ ಕುಣಿಯುತ್ತಿದ್ದರೆ ನಿಮ್ಮ ತೇಲಾಟ ಅಲ್ಲೇ ಇದೆ. ಹಿಂದಿನ ಎರಡೂ ಚಕ್ರ ಸೇರಿಸುವ ಆಕ್ಸಲ್ ಬೀಮಿನ ಎರಡು ದೊಡ್ಡ ಬುಷ್‌ಗಳನ್ನು ಬಹಳ ಕಡೆ ನೋಡುವುದೇ ಇಲ್ಲ. ಅವು ಹೋಗಿದ್ದರೆ ಲೇನ್ ಬದಲಿಸಿದ ಮೇಲೆ ಗಾಡಿಯ ಹಿಂಭಾಗ ಒಂದು ಕ್ಷಣ ತಡವಾಗಿ ಬರುತ್ತದೆ, ಬಾಲ ಬೀಸಿದಂತೆ.

ಉತ್ತರ, ರಾಯಚೂರಿನಿಂದ, ಟೈರ್ ಮತ್ತು ಬ್ಯಾಲೆನ್ಸಿಂಗ್ ಕೆಲಸದವರು

ನಡುಕದ ಬಗ್ಗೆ ನಾನು ಸೇರಿಸ್ತೀನಿ. ಮೊದಲು ನಾಲ್ಕೂ ಚಕ್ರ ಬಿಚ್ಚಿ ರಿಮ್ಮಿನ ಒಳಗಡೆ ನೋಡ್ರಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಗದ್ದೆ ರಸ್ತೆಗೆ ಇಳಿದ ಗಾಡಿಯಾದ್ರೆ ಎರೆಮಣ್ಣು ಒಂದು ಕಡೆ ಮೆತ್ತಿಕೊಂಡು ಇಟ್ಟಿಗೆ ಹಂಗೆ ಗಟ್ಟಿಯಾಗಿರುತ್ತೆ. ಹೊರಗಿಂದ ನೀರು ಬಿಟ್ಟು ತೊಳೆದ್ರೆ ಅದು ಹೋಗಲ್ಲ. ಕೆರೆದು ತೆಗೀಬೇಕು. ಆ ಮಣ್ಣಿನ ಸಮೇತ ಬ್ಯಾಲೆನ್ಸ್ ಮಾಡಿಸಿದ್ರೆ ಯಂತ್ರ ಸೊನ್ನೆ ತೋರಿಸುತ್ತೆ, ಎರಡು ದಿನದಲ್ಲಿ ಹೆಂಟೆ ಉದುರುತ್ತೆ, ಮತ್ತೆ ನಡುಕ.

ಸಣ್ಣ ತೂಕಕ್ಕೆ ಇಷ್ಟು ನಡುಕ ಯಾಕೆ ಅಂದ್ರೆ ಲೆಕ್ಕ ಹೀಗಿದೆ. 14 ಇಂಚಿನ ರಿಮ್ಮಿನ ಅಂಚಿಗೆ 30 ಗ್ರಾಂ ಹೆಚ್ಚಿದ್ರೆ, 100ರ ವೇಗದಲ್ಲಿ ಅದು ನಾಲ್ಕು, ನಾಲ್ಕೂವರೆ ಕೆ.ಜಿ. ಭಾರ ಎಳೆದಂತೆ ಚಕ್ರವನ್ನ ಎಳೆಯುತ್ತೆ, ಸೆಕೆಂಡಿಗೆ ಹತ್ತಿರ ಹತ್ತಿರ 14 ಸಲ. 50ರಲ್ಲಿ ಅದೇ 30 ಗ್ರಾಂ ಒಂದು ಕೆ.ಜಿ.ಯಷ್ಟೇ. ವೇಗ ಎರಡರಷ್ಟಾದ್ರೆ ಎಳೆತ ನಾಲ್ಕರಷ್ಟು. ಅದಕ್ಕೇ 70ರ ತನಕ ನಿಮಗೆ ಗೊತ್ತಾಗಿಲ್ಲ.

ಬ್ಯಾಲೆನ್ಸಿಂಗ್ ಮಾಡಿಸುವಾಗ ಪಕ್ಕದಲ್ಲೇ ನಿಂತ್ಕೊಳ್ರಿ. ಹಳೆ ತೂಕ ಎಲ್ಲ ಕಿತ್ತು ಶುರು ಮಾಡ್ಬೇಕು. ರಿಮ್ಮಿನ ನಡುತೂತಿಗೆ ಸರಿಯಾದ ಕೋನ್ (ಚಕ್ರವನ್ನ ಯಂತ್ರದ ನಡುವಿಗೆ ಕೂರಿಸುವ ಶಂಕು) ಹಾಕ್ಬೇಕು. ಕೋನ್ ಓರೆ ಕೂತ್ರೆ ಯಂತ್ರದ ಅಂಕಿಗೆ ಅರ್ಥವಿಲ್ಲ. ತೂಕ ಹಚ್ಚಿದ ಮೇಲೆ ಇನ್ನೊಮ್ಮೆ ತಿರುಗಿಸಿ ಎರಡೂ ಕಡೆ ಸೊನ್ನೆ ಬಂದಿದ್ದು ನೋಡ್ರಿ. ಚಕ್ರ ತಿರುಗುವಾಗ ಟೈರಿನ ಮೈ ಮೇಲೆ ಕೆಳಗೆ ಕುಣಿಯುತ್ತಾ, ರಿಮ್ ಅಡ್ಡ ಒಲೆಯುತ್ತಾ ಅಂತ ಕಣ್ಣಲ್ಲೇ ನೋಡ್ಬಹುದು. ಬೆಂಡಾದ ರಿಮ್ಮಿಗೆ ಎಷ್ಟು ತೂಕ ಹಚ್ಚಿದ್ರೂ ನಡುಕ ಹೋಗಲ್ಲ. ಹೊರಗಡೆ ಕೊಂಡ ಅಲಾಯ್ ರಿಮ್ ಆಗಿದ್ರೆ ನಡುತೂತು ಹೆಚ್ಚಾಗಿ ಹಬ್‌ಗಿಂತ (ಚಕ್ರ ಕೂರುವ ಗಾಡಿಯ ನಡುಭಾಗ) ದೊಡ್ಡದಿರುತ್ತೆ, ಆ ಸಂದಿಗೆ ಹಬ್ ರಿಂಗ್ ಹಾಕ್ಬೇಕು.

ಚಕ್ರ ಕೂರಿಸುವಾಗ ನಟ್ಟು ಎದುರುಬದುರು ಬಿಗಿ ಮಾಡ್ಬೇಕು, ಕಡೆಗೆ ಟಾರ್ಕ್ ಸ್ಪ್ಯಾನರಿಂದ, ನಿಮ್ಮ ಗಾಡಿಯ ಪುಸ್ತಕದಲ್ಲಿ ಕೊಟ್ಟಷ್ಟೇ. ಗಾಳಿ ಗನ್ನಿಂದ ಕಿರ್ರ್ ಅಂತ ಬಿಗಿದು ಬಿಟ್ರೆ ಒಂದು ನಟ್ಟು ಜಾಸ್ತಿ, ಒಂದು ಕಮ್ಮಿ ಆಗುತ್ತೆ.

ಪ್ರಶ್ನೆ, ಸಿಂಧನೂರಿನಿಂದ

ನಮ್ಮ ಗಾಡೀಲಿ ಬ್ರೇಕ್ ಹಿಡಿದಾಗ ಮಾತ್ರ ಸ್ಟೇರಿಂಗ್ ನಡಗುತ್ತೆ. ಇದೂ ಬ್ಯಾಲೆನ್ಸಿಂಗಾ?

ಉತ್ತರ, ರಾಯಚೂರಿನಿಂದ

ಅಲ್ಲ, ಅದು ಹೆಚ್ಚಾಗಿ ಮುಂದಿನ ಬ್ರೇಕ್ ಡಿಸ್ಕ್. ಡಿಸ್ಕ್ ಸುತ್ತಲೂ ಒಂದೇ ದಪ್ಪ ಇಲ್ಲ ಅಂತ ಅರ್ಥ. ಮೈಕ್ರೋಮೀಟರಲ್ಲಿ ಆರೆಂಟು ಕಡೆ ಅಳೆಸ್ರಿ. ಲೇತ್ ಹಿಡಿಸಿದ ಮೇಲೂ ಡಿಸ್ಕ್ ಮೇಲೆ ಕೊರೆದಿರುವ ಕನಿಷ್ಠ ದಪ್ಪಕ್ಕಿಂತ ಮೇಲೇ ಉಳಿಯೋದಾದ್ರೆ ಹಿಡಿಸಬಹುದು, ಇಲ್ಲಾಂದ್ರೆ ಎರಡೂ ಕಡೆ ಬದಲಿ.

ಪ್ರಶ್ನೆ, ಕೊಪ್ಪಳದಿಂದ

ಆಷಾಢದ ಗಾಳಿಗೆ ಗದಗ ರಸ್ತ್ಯಾಗ ನಮ್ಮ ಗಾಡೀನೂ ಸರೀತೈತ್ರಿ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಅದಿರು ಲಾರಿ ಓಡಿದ ಜಾಡಿನಾಗ ಸಿಕ್ಕಂಡಂಗ ಆಕ್ಕೈತಿ. ಇದು ಗಾಡಿ ದೋಷಾನೋ ರಸ್ತೆ ದೋಷಾನೋ ಹೆಂಗ ಗೊತ್ತು ಮಾಡ್ಕೊಳ್ಳೂದು?

ಉತ್ತರ, ಬಳ್ಳಾರಿಯಿಂದ

ರಸ್ತೆಯದಾದರೆ ಜಾಗ ಬದಲಾದಂತೆ ಬದಲಾಗುತ್ತದೆ. ಗಾಡಿಯದಾದರೆ ಎಲ್ಲಿ ಹೋದರೂ ಬೆನ್ನು ಬಿಡುವುದಿಲ್ಲ. ಭಾರದ ಲಾರಿ ಓಡಿ ಡಾಂಬರು ಕುಸಿದ ಜಾಡಿನಲ್ಲಿ ಟೈರ್ ಗಟಾರದ ಅಂಚು ಹಿಡಿದಂತೆ ಹೋಗುತ್ತದೆ. ಕಂಪನಿ ಅಳತೆಗಿಂತ ಅಗಲದ ಟೈರ್ ಹಾಕಿದ್ದರೆ ಇನ್ನೂ ಜಾಸ್ತಿ. ಪಕ್ಕದ ಲೇನಿಗೆ ಬಂದು ನೋಡಿ, ಅಲ್ಲಿ ಸರಿಯಿದ್ದರೆ ರಸ್ತೆಯೇ. ಎರೆ ಭೂಮಿಯ ಮೇಲಿನ ರಸ್ತೆ ಮಳೆಗಾಲಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗಿ ಅಲೆ ಅಲೆಯಾಗಿರುತ್ತದೆ. ಅಂಥಲ್ಲಿ ಒಂದು ಅಲೆ ದಾಟಿದ ಮೇಲೆ ಗಾಡಿ ಒಮ್ಮೆ ಏರಿ ಇಳಿದು ನಿಲ್ಲಬೇಕು. ಎರಡು ಮೂರು ಸಲ ತೊಟ್ಟಿಲಿನಂತೆ ತೂಗಿದರೆ ಶಾಕ್ ಅಬ್ಸಾರ್ಬರ್ ನೋಡಿಸಿ, ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿರುತ್ತದೆ. ನೀರು ಹರಿದು ಹೋಗಲೆಂದು ರಸ್ತೆಯನ್ನು ಎಡಕ್ಕೆ ಇಳಿಜಾರು ಮಾಡಿರುತ್ತಾರೆ, ಹಾಗಾಗಿ ಕೈ ಸಡಿಲಿಸಿದಾಗ ಮೆಲ್ಲಗೆ ಎಡಕ್ಕೆ ಜರುಗುವುದು ದೋಷವಲ್ಲ.

ಗಾಳಿಗೆ ಮೇಲಿನ ಕ್ಯಾರಿಯರ್ ಬಿಚ್ಚಿಡಿ, ಅಷ್ಟರಲ್ಲೇ ಬಹಳ ವ್ಯತ್ಯಾಸ ಕಾಣುತ್ತದೆ. ಡಿಕ್ಕಿಯಲ್ಲಿ ಎರಡು ಚೀಲ ಅಕ್ಕಿ ಹೇರಿದರೆ ಹಿಂಭಾಗ ಕುಗ್ಗಿ ಮುಂದಿನ ಚಕ್ರದ ಹಿಡಿತ ಹಗುರಾಗುತ್ತದೆ, ಭಾರವನ್ನು ಆದಷ್ಟು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ಲಾರಿ ದಾಟುವಾಗ ಅದರ ಮರೆಯಲ್ಲಿ ಗಾಳಿ ನಿಂತು, ಮೂತಿ ದಾಟಿದ ಕೂಡಲೆ ಬೀಸಿ ಹೊಡೆಯುತ್ತದೆ. ಆ ಜಾಗಕ್ಕೆ ಬರುವ ಮುಂಚೆಯೇ ಎರಡೂ ಕೈ ಸ್ಟೇರಿಂಗ್ ಮೇಲಿರಲಿ.

ಮತ್ತೆ ಕುಷ್ಟಗಿಯಿಂದ

ನೋಡಿಸ್ದೆ ಸರ. ಎಡಗಡೆ 12 ಮತ್ತ 6ರಾಗ ಆಟ ಐತಿ, ಬ್ರೇಕ್ ಒತ್ತಿದ್ರೂ ನಿಲ್ಲವಲ್ದು. ಎರಡೂ ಕಡೆ ಲೋಯರ್ ಆರ್ಮಿನ ಹಿಂದಿನ ಬುಷ್ ಸೀಳ್ಯಾವು. ಬರೇ ಬುಷ್ ಒತ್ತಿಸ್ಲೋ, ಪೂರ್ತಿ ಆರ್ಮ್ ಹಾಕಿಸ್ಲೋ?

ಉತ್ತರ, ಬಳ್ಳಾರಿಯಿಂದ

ಎಡಗಡೆ ಬಾಲ್ ಜಾಯಿಂಟೇ ಹೋಗಿದೆ. ನಿಮ್ಮ ಗಾಡಿಯಲ್ಲಿ ಬಾಲ್ ಜಾಯಿಂಟ್ ಆರ್ಮಿನ ಜೊತೆಗೇ ಬರುವುದಾದರೆ ಪೂರ್ತಿ ಆರ್ಮ್ ಹಾಕಿಸಿ, ಬೇರೆ ಸಿಗುವುದಾದರೆ ಜಾಯಿಂಟ್ ಮತ್ತು ಬುಷ್ ಸಾಕು. ಆದರೆ ಬುಷ್ ಎರಡೂ ಕಡೆ ಒಟ್ಟಿಗೆ. ಒಂದು ಕಡೆ ಹೊಸದು, ಒಂದು ಕಡೆ ಸೀಳಿದ್ದು ಇದ್ದರೆ ಬ್ರೇಕ್ ಹಿಡಿದಾಗ ಗಾಡಿ ಓರೆ ಎಳೆಯುತ್ತದೆ. ಬುಷ್ ಪ್ರೆಸ್ಸಿನಲ್ಲೇ ಒತ್ತಿಸಿ, ಸುತ್ತಿಗೆಯಿಂದ ಹೊಡೆದು ಕೂರಿಸುವುದು ಬೇಡ. ತೆಗೆಯುವ ಮುಂಚೆ ಹಳೆಯದು ಯಾವ ಮುಖಕ್ಕೆ ಕೂತಿತ್ತು ಅಂತ ಚಾಕ್‌ಪೀಸಿನಿಂದ ಗುರುತು ಹಾಕಿಸಿ, ಅದೇ ಕೋನಕ್ಕೆ ಹೊಸದು ಹೋಗಬೇಕು.

ಈಗ ಹೇಳುವುದನ್ನು ದಯವಿಟ್ಟು ಮೆಕ್ಯಾನಿಕ್‌ಗೆ ಓದಿ ಹೇಳಿ. ಬುಷ್ಶಿನ ಬೋಲ್ಟ್ ಗಾಡಿ ಎತ್ತಿದಾಗ ಬಿಗಿ ಮಾಡಬಾರದು. ಕೈಬಿಗಿ ಮಾತ್ರ ಕೊಟ್ಟು, ಗಾಡಿ ಇಳಿಸಿ, ಮುಂಭಾಗ ನಾಲ್ಕು ಸಲ ಅದುಮಿ, ಚಕ್ರ ನೆಲದ ಮೇಲೆ ನಿಂತಿರುವಾಗಲೇ ಪೂರ್ತಿ ಬಿಗಿಯಬೇಕು. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ, ಗಾಡಿ ಇಳಿದ ಕೂಡಲೆ ತಿರುಚಿ ನಿಲ್ಲುತ್ತದೆ, ಆರು ತಿಂಗಳಿಗೆ ಮತ್ತೆ ಹರಿಯುತ್ತದೆ. ಹೊಸ ಬುಷ್ ಬೇಗ ಹೋಯಿತು, ಮಾಲು ಕಳಪೆ ಅಂತ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ಇದೊಂದೇ ಕಾರಣ.

ಅಲೈನ್‌ಮೆಂಟ್ ಅದಾದ ಮೇಲೆ. ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಚೀಟಿ ಕೇಳಿ ಪಡೆಯಿರಿ. ನಿಮ್ಮಂಥ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಟೋ ಒಂದನ್ನೇ ತಿರುಗಿಸಲು ಬರುತ್ತದೆ. ಕ್ಯಾಂಬರ್ (ಚಕ್ರದ ಒಳ ಹೊರ ವಾಲುವಿಕೆ) ಅಥವಾ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದು ಮುಂದಿನ ವಾಲುವಿಕೆ) ಕೆಂಪು ತೋರಿಸಿದರೆ ಏನೋ ಬಾಗಿದೆ ಇಲ್ಲವೇ ಸವೆದಿದೆ ಅಂತ ಅರ್ಥ, ಅದನ್ನು ಟೋ ತಿರುಗಿಸಿ ಮುಚ್ಚಲು ಬಿಡಬೇಡಿ. ಹಿಂದಿನ ಚಕ್ರದ ಅಳತೆಯೂ ಚೀಟಿಯಲ್ಲಿರಲಿ, ಹಿಂದಿನ ಬೀಮ್ ಓರೆಯಾಗಿದ್ದರೆ ಗಾಡಿ ಏಡಿಯಂತೆ ಅಡ್ಡ ನಡೆಯುತ್ತದೆ. ಸವೆದ ಮುಂದಿನ ಟೈರುಗಳನ್ನು ಆಗ ನೋಡಿ. ಒಳ ಅಂಚಿನಲ್ಲಿ 1.6 ಮಿ.ಮೀ. ಗುರುತು ಮುಟ್ಟಿದ್ದರೆ ಆ ಎರಡು ಬದಲಿಸಿ, ಹೊಸ ಎರಡನ್ನು ಹಿಂದಕ್ಕೆ ಹಾಕಿ, ಹಿಂದಿನವು ಮುಂದಕ್ಕೆ ಬರಲಿ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಗಾಡಿ ಕೈಗೆ ಸಿಗುವುದಿಲ್ಲ.

ಪ್ರಶ್ನೆ, ಕುಷ್ಟಗಿಯಿಂದ

ಆರ್ಮ್ ಇಲ್ಲಿ ಸಿಗವಲ್ದು, ಹೊಸಪೇಟಿಗೆ ಹೋಗ್ಬೇಕು. ಅಲ್ಲಿತನ ನಿಧಾನ ಓಡಿಸ್ಕೊಂಡು ಹೋಗ್ಬಹುದಾ?

ಉತ್ತರ, ಬಳ್ಳಾರಿಯಿಂದ

ಬೇಡ ಅಣ್ಣಾರೆ. ಕೈಯಲ್ಲಿ ಲೊಟಕ್ ಅನ್ನುವ ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರ ಹೊರಕ್ಕೆ ಮಗುಚಿ ಗಾಡಿ ನೆಲಕ್ಕೆ ಕೂರುತ್ತದೆ, ಆಮೇಲೆ ಸ್ಟೇರಿಂಗ್ ತಿರುಗಿಸಿ ಏನೂ ಆಗುವುದಿಲ್ಲ. ಆರ್ಮ್ ಬಸ್ಸಿಗೆ ಹಾಕಿಸಿ ತರಿಸಿಕೊಳ್ಳಿ, ಕುಷ್ಟಗಿಯಲ್ಲೇ ಕೂರಿಸಬಹುದು. ಗಾಡಿ ಸಂಖ್ಯೆ ಅಲ್ಲ, ಚಾಸಿ ನಂಬರ್ ಕೊಟ್ಟು ಎಡ ಬಲ ಹೇಳಿ ಆರ್ಡರ್ ಮಾಡಿ. ಕೂರಿಸಿದ ಮೇಲೆ ಟೈ ರಾಡ್‌ನ ಮರೆ (ಥ್ರೆಡ್) ತಿರುಗಿಸದೆ, ವೇಗ 40 ದಾಟದಂತೆ ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಅದಾಗಿ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ನೋಡಿಸಿ.

ಇದನ್ನು ಓದುವ ಬೇರೆಯವರಿಗೆ: ವೇಗದಲ್ಲಿರುವಾಗ ಗಾಡಿ ಒಮ್ಮೆಲೇ ಒಲೆದಾಡಲು ಶುರುವಾದರೆ ಆಕ್ಸಿಲೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ, ಸ್ಟೇರಿಂಗ್ ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದಿರಿ, ಬ್ರೇಕ್ ತುಳಿಯಬೇಡಿ. ವೇಗ 50ಕ್ಕಿಂತ ಕೆಳಗೆ ಇಳಿದ ಮೇಲೆ ಎಡಕ್ಕೆ ಸೂಚನೆ ಕೊಟ್ಟು, ಹಿಂದೆ ಲಾರಿ ಇಲ್ಲದ್ದು ನೋಡಿ, ಡಾಂಬರು ಬಿಟ್ಟು ಗಟ್ಟಿ ನೆಲದ ಮೇಲೆ ನಿಲ್ಲಿಸಿ.