ಸಹಾಯ ಬೇಕು: ಮೂರು ಔಟ್ ಆಗದೆ ನಿಂತ ಇನ್ನಿಂಗ್ಸನ್ನು ಸ್ಕೋರ್‌ಬುಕ್‌ನಲ್ಲಿ ಬರೆಯುವುದು ಹೇಗೆ?

ಬೇಸ್‌ಬಾಲ್ ಸ್ಕೋರ್ ಬರೆದು ರೂಢಿಯಿರುವವರು ದಯವಿಟ್ಟು ನೋಡಿ. ಬ್ಯಾಟನ್ ರೂಜ್‌ನ ಅಲೆಕ್ಸ್ ಬಾಕ್ಸ್ ಸ್ಟೇಡಿಯಂನಲ್ಲಿ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡ ಶರತ್ಕಾಲದಲ್ಲಿ ಎರಡು ಪಾಲಾಗಿ ತನ್ನೊಳಗೇ ಆಡುವ ಪಂದ್ಯಗಳ ಲೆಕ್ಕ ಇದು.

ಇಂಥ ಪಂದ್ಯಗಳಲ್ಲಿ ಪಿಚರ್ ಒಂದೇ ಇನ್ನಿಂಗ್ಸ್‌ನಲ್ಲಿ 20-25 ಎಸೆತ ದಾಟಿದರೆ, ತೋಳು ದಣಿಯಬಾರದೆಂದು ಕೋಚ್ ಅಲ್ಲಿಗೇ ನಿಲ್ಲಿಸುವುದುಂಟು. ಉದಾಹರಣೆಗೆ ಒಂದು ರನ್ ಬಂದಿದೆ, ಒಬ್ಬ ಔಟ್, ಎರಡನೇ ಬೇಸ್‌ನಲ್ಲಿ ಓಟಗಾರ, ಬ್ಯಾಟರ್‌ಗೆ 2-1 ಕೌಂಟ್ (ಎರಡು ಬಾಲ್, ಒಂದು ಸ್ಟ್ರೈಕ್). ಈಗ ಪಿಚರ್ ಹೆಸರಿಗೆ 0.1 ಇನ್ನಿಂಗ್ಸ್ (ಒಂದು ಔಟ್, ಅಂದರೆ ಮೂರನೇ ಒಂದು ಭಾಗ) ಬರೆದು, ಚೌಕದ ಮೂಲೆಯಲ್ಲಿ ಓರೆ ಗೆರೆ ಎಳೆಯುತ್ತಿದ್ದೇನೆ. ಪೂರ್ತಿ ಇನ್ನಿಂಗ್ಸ್ ಎಂದು ಬರೆದರೆ ಇಆರ್‌ಎ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಲೆಕ್ಕಕ್ಕೆ ಬರುವ ರನ್‌ಗಳ ಸರಾಸರಿ) 27.00 ಇರಬೇಕಾದದ್ದು 9.00 ಆಗಿಬಿಡುತ್ತದೆ, ಹೊಸ ಹುಡುಗರ ಪಿಚಿಂಗನ್ನು ಅಳೆಯಲು ಕೂತವರಿಗೆ ಇದು ದೊಡ್ಡ ಮೋಸ.

ಗೊತ್ತಾಗಬೇಕಾದದ್ದು: ಆ 2-1 ಕೌಂಟ್‌ನ ಬ್ಯಾಟರ್‌ನ ಚೌಕವನ್ನು ಅಳಿಸಬೇಕೆ, ಇಲ್ಲ ಮುಂದಿನ ಇನ್ನಿಂಗ್ಸ್‌ಗೆ ಒಯ್ಯಬೇಕೆ? ಉಳಿದ ಓಟಗಾರನನ್ನು ‘ಬೇಸ್‌ನಲ್ಲಿ ಉಳಿದವರು’ ಲೆಕ್ಕಕ್ಕೆ ಸೇರಿಸುತ್ತೀರಾ? ಅದೇ ಪಿಚರ್ ಮುಂದಿನ ಇನ್ನಿಂಗ್ಸ್‌ಗೆ ಮತ್ತೆ ಬಂದರೆ ಒಂದೇ ಸಾಲು ಸಾಕೆ?

ಇನ್ನೊಂದು, ಒಬ್ಬನೇ ಆಟಗಾರ ಎರಡೂ ಪಾಲಿನ ಪರ ಬ್ಯಾಟ್ ಮಾಡಿದಾಗ ಜರ್ಸಿ ಸಂಖ್ಯೆಯಿಂದ ಒಟ್ಟುಗೂಡಿಸುವ ಎಕ್ಸೆಲ್ ಶೀಟ್ ಯಾರಲ್ಲಾದರೂ ಇದ್ದರೆ ಹಂಚಿಕೊಳ್ಳಿ. ತುಂಬಿದ ಪುಟದ ಫೋಟೊ ಹಾಕಿದರೂ ಸಾಕು.