ಸಹಾಯ ಬೇಕು: ರೆಸ್ಲಿಂಗ್ ಶೋ ಫೋಟೋದಲ್ಲಿ ಫೋಕಸ್ ಹಗ್ಗಕ್ಕೇ ಹೋಗ್ತಿದೆ

ಸಣ್ಣ ಹಾಲ್‌ನ ಇಂಡಿಪೆಂಡೆಂಟ್ ಪ್ರೊ ರೆಸ್ಲಿಂಗ್ ಶೋ, ಮೊದಲ ಸಾಲಿನ ಕುರ್ಚಿ. 50 ಎಂಎಂ ಲೆನ್ಸ್, ಎಫ್ 2.2, ಐಎಸ್‌ಒ 3200, ಶಟರ್ 1/500. ಕುಸ್ತಿಪಟು ರಿಂಗ್ ನಡುವೆ ಇದ್ದರೂ ಆಟೋಫೋಕಸ್ ಮುಂದಿನ ಹಗ್ಗವನ್ನೇ ಹಿಡಿಯುತ್ತೆ. ಹಗ್ಗಕ್ಕೆ ಸುತ್ತಿದ ಟೇಪಿನ ಸುಕ್ಕು ಎಣಿಸಬಹುದು, ಮುಖ ಮಾತ್ರ ಮಸುಕು. ಸಿಂಗಲ್ ಪಾಯಿಂಟ್ (ಒಂದೇ ಬಿಂದುವಿಗೆ ಫೋಕಸ್) ಇಟ್ಟು ಎರಡು ಹಗ್ಗದ ಸಂದಿಯಿಂದ ತೆಗೆದರೆ ಪರವಾಗಿಲ್ಲ, ಆದರೆ ಟಾಪ್ ರೋಪ್ ಮೇಲಿಂದ ಹಾರಿದಾಗ ಪಾಯಿಂಟ್ ಹಿಂದೆಯೇ ಉಳಿಯುತ್ತೆ.

ಎಲ್‌ಇಡಿ ದೀಪ ಮಿನುಗಿ ಫೋಟೋದಲ್ಲಿ ಬೀಳುವ ಪಟ್ಟೆಗಳ ಕಾಟ ಬೇರೆ. ಶಟರ್ 1/100ಕ್ಕೆ ಇಳಿಸಿದರೆ ಪಟ್ಟೆ ಮಾಯ, ಬೀಸಿದ ಕೈಯೂ ಮಸುಕಾಗಿ ಮಾಯ! ಫ್ಲ್ಯಾಷ್ ಸಲಹೆ ಬೇಡ, ಹಾರುವವರ ಕಣ್ಣು ಕುಕ್ಕಿದರೆ ಅಪಾಯ.

ಟ್ರ್ಯಾಕಿಂಗ್ ಸೆನ್ಸಿಟಿವಿಟಿ (ಅಡ್ಡ ಬಂದದ್ದಕ್ಕೆ ಫೋಕಸ್ ಎಷ್ಟು ಬೇಗ ಬದಲಾಗಬೇಕು ಅನ್ನೋ ಸೆಟ್ಟಿಂಗ್) ತಗ್ಗಿಸಿದರೆ ಹಗ್ಗ ಅಡ್ಡ ಬಂದಾಗ ಫೋಕಸ್ ಜಿಗಿಯೋದು ನಿಲ್ಲುತ್ತಾ? ಇಲ್ಲಾ ಮೂಲೆ ಕಂಬದ ಪಕ್ಕ ಕೂರೋದೇ ವಾಸಿಯಾ? ಶನಿವಾರ ಶೋ ಇದೆ, ಅಷ್ಟರೊಳಗೆ ತಿಳಿಸಿ.